ರೆಕಾರ್ಡ್ ಪ್ಲೇಯರ್ ಕೂಗುತ್ತಿದೆಯಾ? ಬಿಚ್ಚುವ ಮೊದಲು ಸ್ಪೀಕರ್ ಎಲ್ಲಿದೆ ನೋಡಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ಬದಿಯಲ್ಲಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಉದ್ದದ ಚಾವಡಿ. ಚಾವಡಿಯ ಗೋಡೆಗೆ ತಾಗಿ ಅಜ್ಜನ ಕಾಲದ ಒಂದು ಹಲಸಿನ ಮರದ ಬೆಂಚು. ಅಪ್ಪ ಅದರ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಎರಡು ತುದಿಗೆ ಎರಡು ಸ್ಪೀಕರ್ ಬಾಕ್ಸ್, ನಡುವೆ ಆಂಪ್ಲಿಫೈಯರ್, ಅದರ ಪಕ್ಕದಲ್ಲಿ ರೆಕಾರ್ಡ್ ಪ್ಲೇಯರ್. ನೋಡಲು ಬಹಳ ಚಂದವಾಗಿತ್ತು.

ಸಣ್ಣ ವಾಲ್ಯೂಮಿನಲ್ಲಿ ಏನೂ ತೊಂದರೆ ಇರಲಿಲ್ಲ. ಸ್ವಲ್ಪ ಏರಿಸಿದರೆ ಸಾಕು, ಹಾಡಿನ ಅಡಿಯಿಂದ 'ಊಂ...' ಎಂದು ಒಂದು ತಗ್ಗು ದನಿ ಏಳುತ್ತಿತ್ತು. ಎರಡು ಸೆಕೆಂಡಿನೊಳಗೆ ಅದೇ ದೊಡ್ಡದಾಗಿ ದಾಸರ ಪದವನ್ನೆಲ್ಲ ನುಂಗಿ ಹಾಕುತ್ತಿತ್ತು. ಓಡಿ ಹೋಗಿ ವಾಲ್ಯೂಮ್ ಇಳಿಸಬೇಕು. "ಎಂತ ಆಯ್ತಾ ಇದಕ್ಕೆ? ಸೂಜಿ ಹೋಯಿತೋ ಏನೋ" ಎಂದು ಅಪ್ಪ ಹೇಳುತ್ತಿದ್ದರು.

ಎರಡು ಸಲ ರಿಪೇರಿ ಅಂಗಡಿಗೆ ಒಯ್ದೆವು. ಮೊದಲ ಸಲ ಸೂಜಿ ಬದಲಿಸಿದರು. ಎರಡನೇ ಸಲ ಸೂಜಿ ಕೂರುವ ಕಾರ್ಟ್ರಿಜನ್ನೇ ಬದಲಿಸಿದರು. ಎರಡು ಸಲವೂ ಅಂಗಡಿಯಲ್ಲಿ ಚೆನ್ನಾಗಿಯೇ ನುಡಿಯಿತು. ಮನೆಗೆ ತಂದು ಬೆಂಚಿನ ಮೇಲೆ ಇಟ್ಟ ಕೂಡಲೇ ಮತ್ತೆ ಅದೇ ಕೂಗು. ಅಂಗಡಿಯಲ್ಲಿ ಸರಿಯಿದ್ದದ್ದು ಮನೆಯಲ್ಲಿ ಯಾಕೆ ಕೆಡುತ್ತದೆ ಎಂದು ಆಗ ಕೇಳಿಕೊಂಡಿದ್ದರೆ ದುಡ್ಡೂ ಉಳಿಯುತ್ತಿತ್ತು, ಎರಡು ವರ್ಷದ ಕೇಳ್ಮೆಯೂ ಉಳಿಯುತ್ತಿತ್ತು. ಅಂಗಡಿಯಲ್ಲಿ ಪ್ಲೇಯರ್ ಇದ್ದದ್ದು ಮೇಜಿನ ಮೇಲೆ, ಸ್ಪೀಕರ್ ಇದ್ದದ್ದು ಎದುರಿನ ಗೋಡೆಯಲ್ಲಿ. ನಮ್ಮಲ್ಲಿ ಎಲ್ಲವೂ ಒಂದೇ ಹಲಗೆಯ ಮೇಲೆ.

ಆಮೇಲೆ ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಎಷ್ಟೋ ನೆಂಟರ, ಪರಿಚಯದವರ ಮನೆಗಳಲ್ಲಿ ಸ್ಟೀರಿಯೋ ಸೆಟ್ ನೋಡಿದ್ದೇನೆ. 'ಹಾಳಾಗಿದೆ' ಎಂದು ಬಟ್ಟೆ ಮುಚ್ಚಿಟ್ಟ ಸೆಟ್‌ಗಳಲ್ಲಿ ಹಲವು ಹಾಳಾಗಿರಲೇ ಇಲ್ಲ. ಅವು ಇದ್ದ ಜಾಗ ಸರಿ ಇರಲಿಲ್ಲ. ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಯಾವುದನ್ನು ಎಲ್ಲಿಗೆ ಸರಿಸಿ ನೋಡಬೇಕು, ಏನನ್ನು ಕಿವಿಗೊಟ್ಟು ಕೇಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕೂಗು ಹುಟ್ಟುವುದು ಎಲ್ಲಿಂದ

ಭಜನೆಯಲ್ಲಿ ಮೈಕ್ ಹಿಡಿದವರು ಸ್ಪೀಕರಿನ ಎದುರಿಗೆ ಬಂದರೆ 'ಕುಂಯ್' ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಸ್ಪೀಕರಿನ ದನಿ ಮೈಕಿಗೆ ಹೋಗುತ್ತದೆ, ಮೈಕಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಮತ್ತೆ ಸ್ಪೀಕರಿಗೆ. ಸುತ್ತು ನಿಲ್ಲುವುದೇ ಇಲ್ಲ. ರೆಕಾರ್ಡ್ ಪ್ಲೇಯರಿನಲ್ಲಿ ಮೈಕಿನ ಜಾಗದಲ್ಲಿ ಇರುವುದು ಸೂಜಿ. ಅಲುಗಾಟವನ್ನು ಹಿಡಿಯುವುದೇ ಅದರ ಕೆಲಸ. ಅಲುಗಾಟ ರೆಕಾರ್ಡಿನ ಗೆರೆಯಿಂದ ಬಂತೋ, ಕೆಳಗಿನ ಹಲಗೆಯಿಂದ ಬಂತೋ, ಅದಕ್ಕೆ ಗೊತ್ತಾಗುವುದಿಲ್ಲ.

ಸೂಜಿಯಿಂದ ಬರುವ ವೋಲ್ಟೇಜ್ ಎಷ್ಟು ಸಣ್ಣದು ನೋಡಿ. ಒಳಗೆ ಸಣ್ಣ ಕಾಂತ ಅಲುಗುವ, ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ 3ರಿಂದ 5 ಮಿಲಿವೋಲ್ಟ್ ಕೊಡುತ್ತದೆ. ಸಿಡಿ ಪ್ಲೇಯರ್ 2 ವೋಲ್ಟ್‌ವರೆಗೆ ಕೊಡುತ್ತದೆ. ಹಾಗಾಗಿ ಆಂಪ್ಲಿಫೈಯರಿನಲ್ಲಿ ರೆಕಾರ್ಡ್ ಪ್ಲೇಯರಿಗೆಂದೇ ಇರುವ ಫೋನೋ ಭಾಗ ಸೂಜಿಯ ದನಿಯನ್ನು ಮೊದಲೇ ಸುಮಾರು 100 ಪಟ್ಟು ಹಿಗ್ಗಿಸಬೇಕಾಗುತ್ತದೆ. ಇನ್ನೂ ಒಂದು ಇದೆ. ಎಲ್‌ಪಿ ಕೊರೆಯುವಾಗ ಬಾಸ್, ಅಂದರೆ ತಗ್ಗು ದನಿ, ತಗ್ಗಿಸಿರುತ್ತಾರೆ. ಇಲ್ಲದಿದ್ದರೆ ಗೆರೆ ಅತ್ತಿತ್ತ ಜಾಸ್ತಿ ಓಲಾಡಿ ಪಕ್ಕದ ಗೆರೆಗೆ ತಾಗುತ್ತದೆ. ನುಡಿಸುವಾಗ ಫೋನೋ ಭಾಗ ಆ ಬಾಸನ್ನು ವಾಪಸ್ ಏರಿಸುತ್ತದೆ. 20 ಹರ್ಟ್ಸ್ ಹತ್ತಿರ ಈ ಏರಿಕೆ ಸುಮಾರು 19 ಡೆಸಿಬಲ್, ಅಂದರೆ ಇನ್ನೂ ಒಂಬತ್ತು ಪಟ್ಟು. ಬೆಂಚಿನ ನಡುಕ, ಕಾಲಿನ ಸದ್ದು, ಬಾಗಿಲು ಬಡಿಯುವುದು, ಎಲ್ಲವೂ ಇದೇ ತಗ್ಗು ದನಿಯ ಜಾತಿಯವು. ಆದ್ದರಿಂದಲೇ ಕೂಗು ಯಾವಾಗಲೂ ಬಾಸಿನಲ್ಲಿ ಶುರುವಾಗುತ್ತದೆ.

ಮೊದಲ ಪರೀಕ್ಷೆ: ನಿಂತ ರೆಕಾರ್ಡಿನ ಮೇಲೆ ಸೂಜಿ

ಗೀರು ಬಿದ್ದ, ಹೋದರೂ ಚಿಂತೆಯಿಲ್ಲದ ಒಂದು ಹಳೆಯ ರೆಕಾರ್ಡ್ ತೆಗೆದುಕೊಳ್ಳಿ. ಪ್ಲೇಯರಿನ ಮೋಟರ್ ಹಾಕಬೇಡಿ. ರೆಕಾರ್ಡ್ ತಿರುಗಬಾರದು. ವಾಲ್ಯೂಮ್ ಪೂರ್ತಿ ಇಳಿಸಿ, ಆಂಪ್ಲಿಫೈಯರಿನ ಸ್ವಿಚ್ಚನ್ನು ಫೋನೋಗೆ ಇಟ್ಟು, ಸೂಜಿಯನ್ನು ಮೆಲ್ಲಗೆ ನಿಂತ ರೆಕಾರ್ಡಿನ ಮೇಲೆ ಇಳಿಸಿ. ಈಗ ವಾಲ್ಯೂಮನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಕೈ ಗುಂಡಿಯ ಮೇಲೆಯೇ ಇರಲಿ.

ನೀವು ದಿನಾ ಕೇಳುವ ಮಟ್ಟದಿಂದ ಸ್ವಲ್ಪ ಮೇಲೆ ಹೋಗುವವರೆಗೂ ಬರೀ ಸಣ್ಣ 'ಸ್ಸ್' ಮಾತ್ರ ಇದ್ದರೆ ನಿಮ್ಮ ಪ್ಲೇಯರ್ ಸರಿಯಾದ ಜಾಗದಲ್ಲಿದೆ. 'ಊಂ' ಎಂದು ಏಳತೊಡಗಿದರೆ ತಕ್ಷಣ ಇಳಿಸಿ. ಹಾಗೇ ಬಿಟ್ಟರೆ ಸ್ಪೀಕರಿನಲ್ಲಿ ಬಾಸ್ ನುಡಿಸುವ ದೊಡ್ಡ ಕೋನ್, ಅಂದರೆ ವೂಫರ್, ಸುಡಬಹುದು. ಕೂಗು ಶುರುವಾದ ಜಾಗವನ್ನು ಗುರುತು ಮಾಡಿಕೊಳ್ಳಿ. ನಾನು ಗುಂಡಿಯ ಸುತ್ತ ಸಣ್ಣದೊಂದು ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಈ ಗೆರೆಯೇ ಮುಂದಿನ ಎಲ್ಲಾ ಕೆಲಸಕ್ಕೆ ಅಳತೆಗೋಲು. ಒಂದೊಂದೇ ವಸ್ತು ಸರಿಸುವುದು, ಮತ್ತೆ ಇದೇ ಪರೀಕ್ಷೆ, ಮತ್ತೊಂದು ಗೆರೆ. ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಗುಣ ಆದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ನಮ್ಮ ಬೆಂಚಿನ ಮೇಲೆ ಮೊದಲ ಗೆರೆ ಗಡಿಯಾರದ 9 ಗಂಟೆಯ ಜಾಗದಲ್ಲಿ ಬಿತ್ತು. ಅಷ್ಟು ಕೆಳಗೆ.

ಹೆಡ್‌ಫೋನ್ ಇದ್ದರೆ ಇನ್ನೊಂದು ಸುಲಭದ ದಾರಿ ಇದೆ. ಸ್ಪೀಕರ್ ಆಫ್ ಮಾಡಿ ಅದೇ ರೆಕಾರ್ಡನ್ನು ಹೆಡ್‌ಫೋನಿನಲ್ಲಿ ಅಷ್ಟೇ ಜೋರಾಗಿ ಕೇಳಿ. ಹೆಡ್‌ಫೋನಿನಲ್ಲಿ ಸ್ವಚ್ಛ, ಸ್ಪೀಕರಿನಲ್ಲಿ ಕೂಗು ಅಥವಾ ಮಂಜು ಮಂಜಾದ ಬಾಸ್ ಎಂದಾದರೆ ಸೂಜಿ, ಕಾರ್ಟ್ರಿಜ್, ಆಂಪ್ಲಿಫೈಯರ್ ಮೂರೂ ಸರಿ ಇವೆ. ಕೂಗುವವರೆಗೆ ಹೋಗದೆ ಬರೀ ಮಂಜಾಗುವುದೇ ಹೆಚ್ಚಿನ ಮನೆಗಳಲ್ಲಿ ಆಗುವುದು. ಮದ್ದಳೆಯ ಪೆಟ್ಟು ಪೆಟ್ಟಾಗಿ ಕೇಳದೆ 'ಧುಂ' ಎಂದು ಹರಡಿಕೊಳ್ಳುತ್ತದೆ. ಜನ ಅದನ್ನು ಒಳ್ಳೆಯ ಬಾಸ್ ಎಂದುಕೊಂಡು ವರ್ಷಗಟ್ಟಲೆ ಹಾಗೇ ಕೇಳುತ್ತಾರೆ. ನನಗೆ ಬೇಸರ ತರುವ ಸಂಗತಿ ಇದು. ಒಳ್ಳೆಯ ಕೈಯ ಮದ್ದಳೆ ಪೂರ್ತಿ ಕೇಳುವುದೇ ಇಲ್ಲವಲ್ಲ.

ಹಲಗೆಯ ದಾರಿಯೋ, ಗಾಳಿಯ ದಾರಿಯೋ

ಸ್ಪೀಕರಿನ ನಡುಕ ಸೂಜಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಮರ, ನೆಲ, ಗೋಡೆಯ ಮೂಲಕ. ಇನ್ನೊಂದು ನೇರವಾಗಿ ಗಾಳಿಯ ಮೂಲಕ. ಮದ್ದು ಬೇರೆ ಬೇರೆ. ಮೊದಲು ದಾರಿ ಯಾವುದೆಂದು ಹುಡುಕಬೇಕು.

ಸ್ಪೀಕರ್‌ಗಳನ್ನು ಬೆಂಚಿನಿಂದ ಇಳಿಸಿ ಎರಡು ಸ್ಟೂಲಿನ ಮೇಲೆ ಇಡಿ. ಜಾಗ ಬದಲಿಸಬೇಡಿ. ಮೊದಲು ಇದ್ದಲ್ಲಿಯೇ, ಬೆಂಚಿನ ಎದುರಿಗೆ, ಬೆಂಚಿಗೆ ತಾಗದ ಹಾಗೆ ಇರಲಿ. ನಿಂತ ರೆಕಾರ್ಡಿನ ಪರೀಕ್ಷೆ ಮತ್ತೆ ಮಾಡಿ. ಗೆರೆ ತುಂಬಾ ಮೇಲೆ ಹೋದರೆ ನಡುಕ ಬರುತ್ತಿದ್ದದ್ದು ಹಲಗೆಯಿಂದ. ಅಷ್ಟೇನೂ ಬದಲಾಗದಿದ್ದರೆ ಗಾಳಿಯಿಂದ. ನಮ್ಮಲ್ಲಿ 9ರಲ್ಲಿದ್ದ ಗೆರೆ 12ಕ್ಕೆ ಹೋಯಿತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಂಬಿಕೆ ಬರದೆ ಇನ್ನೊಂದು ಸಲ ಮಾಡಿಸಿದರು.

ಬೆರಳಿನ ಪರೀಕ್ಷೆಯನ್ನೂ ಮಾಡಿ. ಸೂಜಿ ನಿಂತ ರೆಕಾರ್ಡಿನ ಮೇಲಿರುವಾಗ ಸಣ್ಣ ವಾಲ್ಯೂಮ್ ಇಟ್ಟು ಬೆಂಚಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ 'ಡುಬ್' ಎಂದು ಕೇಳುತ್ತದೆಯಾ? ಎಷ್ಟು ಜೋರಾಗಿ ಕೇಳುತ್ತದೋ ಬೆಂಚಿನ ನಡುಕ ಅಷ್ಟು ಒಳಗೆ ಹೋಗುತ್ತಿದೆ ಎಂದರ್ಥ. ಇದೇ ರೀತಿ ನೆಲವನ್ನು ಹಿಮ್ಮಡಿಯಿಂದ ತಟ್ಟಿ ನೋಡಿ. ಕಾವಿ ನೆಲ ಅಥವಾ ಸಿಮೆಂಟ್ ನೆಲ ನೇರವಾಗಿ ಮಣ್ಣಿನ ಮೇಲೆ ಇದ್ದರೆ ಏನೂ ಕೇಳಿಸದು. ಉಪ್ಪರಿಗೆಯ ಹಲಗೆ ನೆಲವಾದರೆ ನಡೆದಾಡಿದರೂ ಸೂಜಿ ಹಾರಬಹುದು.

ಹಲಗೆಯ ದಾರಿಗೆ ಮದ್ದು ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು, ಸ್ಪೀಕರ್ ಮತ್ತು ಪ್ಲೇಯರ್ ಒಂದೇ ಬೆಂಚು, ಒಂದೇ ಕಪಾಟು, ಒಂದೇ ಟಿವಿ ಸ್ಟ್ಯಾಂಡಿನ ಮೇಲೆ ಇರಲೇಬಾರದು. ಉಪ್ಪರಿಗೆಯಲ್ಲಾದರೆ ಗೋಡೆಗೆ ಬ್ರ್ಯಾಕೆಟ್ ಹೊಡೆದು ಪ್ಲೇಯರ್ ಇಡುವುದು ಬಹಳ ಒಳ್ಳೆಯದು. ಮುರಕಲ್ಲಿನ ಗೋಡೆ ದಪ್ಪ, ಭಾರ. ಅದು ಸುಲಭದಲ್ಲಿ ಅಲುಗುವುದಿಲ್ಲ. ಆದರೆ ಕಲ್ಲು ಮೆದು. ಸಣ್ಣ ಪ್ಲಾಸ್ಟಿಕ್ ಪ್ಲಗ್ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಉದ್ದದ ಬೋಲ್ಟ್ ಹಾಕಿ ಸಿಮೆಂಟಿನಲ್ಲಿ ಕೂರಿಸಲು ಮೇಸ್ತ್ರಿಗೆ ಹೇಳಿ. ಎರಡು ಕೋಣೆಗಳ ನಡುವಿನ ತೆಳ್ಳನೆಯ ಅಡ್ಡಗೋಡೆ ಈ ಕೆಲಸಕ್ಕೆ ಆಗದು.

ಕೆಳಗಿನ ಕೋಣೆಯಲ್ಲಾದರೆ ನಾನು ಮಾಡಿದ್ದನ್ನು ಮಾಡಿ ನೋಡಬಹುದು. ಗಟ್ಟಿ ಸಣ್ಣ ಮೇಜು. ಅದರ ಮೇಲೆ ಮಕ್ಕಳ ಸೈಕಲ್ಲಿನ ಟ್ಯೂಬ್, ಅರ್ಧ ಗಾಳಿ ಮಾತ್ರ. ಒತ್ತಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗಿರಬೇಕು. ಟ್ಯೂಬಿನ ಮೇಲೆ ಕಡಪ ಕಲ್ಲಿನ ಒಂದು ತುಂಡು, ಅಡುಗೆ ಮನೆಯ ಕಟ್ಟೆಗೆ ಹಾಕಿ ಉಳಿದದ್ದು. ಅದರ ಮೇಲೆ ಪ್ಲೇಯರ್. ಗಾಳಿ ಜಾಸ್ತಿ ತುಂಬಿದರೆ ಟ್ಯೂಬ್ ಗಟ್ಟಿಯಾಗಿ ಪ್ರಯೋಜನವಿಲ್ಲ. ಕಲ್ಲು ಭಾರ ಇದ್ದಷ್ಟೂ, ಟ್ಯೂಬ್ ಮೆತ್ತಗಿದ್ದಷ್ಟೂ ನಡುಕ ದಾಟುವುದು ಕಡಿಮೆ. ಕಲ್ಲು ಓರೆಯಾಗದ ಹಾಗೆ ಮೇಸ್ತ್ರಿಯ ರಸಮಟ್ಟ ಇಟ್ಟು ನೋಡಿಕೊಳ್ಳಿ. ಟ್ಯೂಬಿನ ವಾಲ್ವ್ ಹೊರಬದಿಗೆ ಬರುವ ಹಾಗೆ ಇಟ್ಟರೆ ತಿಂಗಳಿಗೊಮ್ಮೆ ಗಾಳಿ ಹಾಕಲು ಸುಲಭ. ಸುಮ್ನೆ ಸ್ಪಂಜಿನ ಮೇಲೆ ಇಟ್ಟರೆ ಆಗದೇ ಎಂದು ತುಂಬಾ ಜನ ಕೇಳುತ್ತಾರೆ. ಸ್ಪಂಜು ಕೆಲವೇ ದಿನದಲ್ಲಿ ಚಪ್ಪಟೆಯಾಗುತ್ತದೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ.

ಗಾಳಿಯ ದಾರಿಗೆ ಟ್ಯೂಬ್ ಕೆಲಸ ಮಾಡುವುದಿಲ್ಲ. ಅಲ್ಲಿ ದೂರವೇ ಮದ್ದು. ಮೊದಲು ಪ್ಲೇಯರಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಪರೀಕ್ಷೆ ಮಾಡಿ. ತೆರೆದು ನಿಲ್ಲಿಸಿದ ಮುಚ್ಚಳ ದೋಣಿಯ ಹಾಯಿಯ ಹಾಗೆ ಗಾಳಿಯ ನಡುಕವನ್ನೆಲ್ಲ ಹಿಡಿದು ಪ್ಲೇಯರಿನ ಮೈಗೆ ಕೊಡುತ್ತದೆ. ಕೆಲವು ಸೆಟ್‌ಗಳಲ್ಲಿ ಮುಚ್ಚಳ ತೆಗೆದದ್ದಷ್ಟೇ ಸಾಕಾಗುತ್ತದೆ.

ಮೂಲೆ ಅತಿ ಕೆಟ್ಟ ಜಾಗ

ದೂರ ಎಂದರೆ ಬರೀ ಅಡಿಯ ಲೆಕ್ಕ ಸಾಲದು. ಬಾಸ್ ಕೋಣೆಯೊಳಗೆ ಒಂದೇ ಸಮನಾಗಿ ಹರಡುವುದಿಲ್ಲ. ಗೋಡೆಯ ಬುಡದಲ್ಲಿ ರಾಶಿಯಾಗುತ್ತದೆ, ಮೂಲೆಯಲ್ಲಿ ಅತಿ ಜಾಸ್ತಿ. ನಮ್ಮ ಚಾವಡಿ ಸುಮಾರು 5 ಮೀಟರ್ ಉದ್ದ. ಸೆಕೆಂಡಿಗೆ ಸುಮಾರು 345 ಮೀಟರ್ ಓಡುವ ಸದ್ದಿಗೆ ಈ ಉದ್ದದಲ್ಲಿ 35 ಹರ್ಟ್ಸ್ ಹತ್ತಿರ ಮೊದಲ ಗುಂಗು ಏಳುತ್ತದೆ. ಆ ಗುಂಗಿನ ಒತ್ತಡ ಎರಡೂ ತುದಿಯ ಗೋಡೆಯಲ್ಲಿ ಹೆಚ್ಚು, ಕೋಣೆಯ ಉದ್ದದ ನಡುವಿನಲ್ಲಿ ಕಡಿಮೆ. ನಿಮ್ಮ ಕೋಣೆಗೆ ಲೆಕ್ಕ ಬೇಕಿದ್ದರೆ 345ನ್ನು ಉದ್ದದ ಎರಡು ಪಟ್ಟಿನಿಂದ ಭಾಗಿಸಿ.

ಲೆಕ್ಕ ಬೇಡ ಎನ್ನುವವರು ಕಿವಿಯಿಂದಲೇ ನೋಡಬಹುದು. ಬಾಸ್ ಚೆನ್ನಾಗಿರುವ ಹಾಡೊಂದನ್ನು ಮೊಬೈಲಿನಿಂದಲೋ ಸಿಡಿಯಿಂದಲೋ ಹಾಕಿ ಕೋಣೆಯಲ್ಲಿ ನಿಧಾನವಾಗಿ ನಡೆಯಿರಿ. ಪ್ಲೇಯರ್ ಇಡಬೇಕೆಂದಿರುವ ಎತ್ತರಕ್ಕೆ ಬಗ್ಗಿ ಕಿವಿ ಇಡಿ. ಎಲ್ಲಿ ಬಾಸ್ ತೆಳ್ಳಗೆ ಕೇಳುತ್ತದೋ ಆ ಜಾಗ ಪ್ಲೇಯರಿಗೆ ಒಳ್ಳೆಯದು. ಎಲ್ಲಿ ಹೊಟ್ಟೆಯೊಳಗೆ ಗುದ್ದಿದ ಹಾಗಾಗುತ್ತದೋ ಅಲ್ಲಿ ಬೇಡ. ನಮ್ಮ ಚಾವಡಿಯಲ್ಲಿ ಒಳ್ಳೆಯ ಜಾಗ ಸಿಕ್ಕಿದ್ದು ಪಕ್ಕದ ಗೋಡೆಯ ನಡುವಿನಲ್ಲಿ, ಕಿಟಕಿಯ ಕೆಳಗೆ. ಈಗ ಮೇಜು ಅಲ್ಲಿದೆ. ಸ್ಪೀಕರಿನ ಹಿಂದಿನ ಗೋಡೆಗೂ ಮೂಲೆಗೂ ಅದು ದೂರ. ಗೆರೆ ಈಗ 3 ಗಂಟೆ ದಾಟಿದೆ. ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ.

ಒಂದು ಚಿಹ್ನೆ ಕಿವಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳುತ್ತದೆ. ಎಲ್‌ಪಿ ನುಡಿಯುವಾಗ ಸ್ಪೀಕರಿನ ಬಟ್ಟೆಯ ಮುಚ್ಚಳ ತೆಗೆದು ವೂಫರನ್ನು ಬದಿಯಿಂದ ನೋಡಿ. ಹಾಡಿಗೆ ಸಂಬಂಧವೇ ಇಲ್ಲದೆ ಅದು ಉಸಿರಾಡಿದ ಹಾಗೆ ಮುಂದೆ ಹಿಂದೆ ಆಡುತ್ತಿದ್ದರೆ, ಕೇಳಿಸದಷ್ಟು ತಗ್ಗಿನ ಅಲುಗಾಟ ಒಳಗೆ ಹೋಗುತ್ತಿದೆ. ಬಾಗಿದ ರೆಕಾರ್ಡಿನಿಂದಲೂ ಹೀಗಾಗುತ್ತದೆ. ಹಾಗಾದರೆ ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ 1.8 ಸೆಕೆಂಡಿಗೊಮ್ಮೆ, ವೂಫರ್ ಆಡುತ್ತದೆ. ಬೇರೆ ರೆಕಾರ್ಡ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಆಂಪ್ಲಿಫೈಯರಿನಲ್ಲಿ 'ಸಬ್‌ಸಾನಿಕ್' ಅಥವಾ 'ಲೋ ಫಿಲ್ಟರ್' ಎಂಬ ಸ್ವಿಚ್ ಇದ್ದರೆ ಹಾಕಿಬಿಡಿ. ಅದು ಇರುವುದೇ ಇದಕ್ಕೆ.

ಗುಂಯ್ ಎನ್ನುವುದು ಬೇರೆ ಕಾಯಿಲೆ

ಕೂಗು ವಾಲ್ಯೂಮ್ ಏರಿಸಿದ ಮೇಲೆ ತಾನಾಗಿ ಬೆಳೆಯುತ್ತದೆ. ಹಮ್ಮಿಂಗ್ ಬೆಳೆಯುವುದಿಲ್ಲ, ಒಂದೇ ಸಮನೆ 'ಗುಂಯ್' ಎನ್ನುತ್ತಾ ಇರುತ್ತದೆ. ಸೂಜಿ ರೆಕಾರ್ಡಿನಿಂದ ಎತ್ತಿ ನೋಡಿ. ಕೂಗಾದರೆ ನಿಲ್ಲುತ್ತದೆ. ಹಮ್ಮಿಂಗ್ ನಿಲ್ಲುವುದಿಲ್ಲ.

ಇಲ್ಲಿಯೂ ಮೊದಲ ಅನುಮಾನ ಜಾಗದ ಮೇಲೆಯೇ. ಆಂಪ್ಲಿಫೈಯರಿನೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಅದರ ಸುತ್ತ 50 ಹರ್ಟ್ಸಿನ ಕಾಂತದ ಬಲೆ ಇರುತ್ತದೆ. ಕಾರ್ಟ್ರಿಜಿನೊಳಗೆ ಇರುವುದು ಕೂದಲಿಗಿಂತ ತೆಳ್ಳಗಿನ ತಂತಿಯ ಸುರುಳಿ. ಹತ್ತಿರ ಇಟ್ಟರೆ ಅದು ಈ ಬಲೆಯನ್ನು ಹಿಡಿಯುತ್ತದೆ. ಸೂಜಿ ಎತ್ತಿಟ್ಟು, ವಾಲ್ಯೂಮ್ ಸ್ವಲ್ಪ ಏರಿಸಿ, ಪ್ಲೇಯರನ್ನು ಎರಡು ಕೈಯಲ್ಲಿ ಹಿಡಿದು ಆಂಪ್ಲಿಫೈಯರಿನಿಂದ ಮೆಲ್ಲಗೆ ದೂರ ಸರಿಸಿ. ಒಂದಡಿ ಸರಿಸುವಷ್ಟರಲ್ಲಿ ಗುಂಯ್ ಇಳಿದರೆ ಕಾರಣ ಸಿಕ್ಕಿತು. ಈ ಬಲೆ ದೂರ ಹೋದಂತೆ ಬಹಳ ಬೇಗ ತೆಳ್ಳಗಾಗುತ್ತದೆ. ಹಾಗಾಗಿ ತುಂಬಾ ದೂರ ಬೇಕಿಲ್ಲ. ಪ್ಲೇಯರನ್ನು ಆಂಪ್ಲಿಫೈಯರಿನ ತಲೆಯ ಮೇಲೆ ಇಡಬೇಡಿ. ಪಕ್ಕದಲ್ಲಿ ಇಡಲೇಬೇಕಾದರೆ ಸೂಜಿ ಹಿಡಿದಿರುವ ತೋಳು (ಟೋನ್‌ಆರ್ಮ್) ಇರುವ ಬದಿ ಆಚೆಗಿರಲಿ. ಸಣ್ಣ ಅಡಾಪ್ಟರ್, ಸ್ಟೆಬಿಲೈಸರ್, ಇನ್ವರ್ಟರ್ ಕೂಡ ಇದೇ ಜಾತಿಯವು.

ಸರಿಸಿದರೂ ಬದಲಾಗದಿದ್ದರೆ ಪ್ಲೇಯರಿನ ಹಿಂದಿನ ತೆಳ್ಳಗಿನ ಅರ್ತ್ ವೈರ್ ನೋಡಿ. ಆಂಪ್ಲಿಫೈಯರಿನ ಜಿಎನ್‌ಡಿ ಎಂದು ಬರೆದ ಸ್ಕ್ರೂಗೆ ಅದು ಗಟ್ಟಿಯಾಗಿ ಸಿಕ್ಕಿಸಿರಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಆ ತುದಿ ಹಸಿರುಗಟ್ಟುತ್ತದೆ. ಕೆರೆದು ಮತ್ತೆ ಹಾಕಿದರೆ ಸಾಕು.

ಆಮೇಲೆ ಒಂದೊಂದೇ ಪಿನ್ ಕಳಚುತ್ತಾ ಬನ್ನಿ. ಟಿವಿಯ ವೈರ್ ಕಳಚಿದ ಕೂಡಲೇ ಗುಂಯ್ ನಿಂತರೆ ಕೇಬಲ್ ಅಥವಾ ಡಿಶ್‌ನ ದಾರಿಯಲ್ಲಿ ಎರಡನೇ ಅರ್ತ್ ಬರುತ್ತಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹಾಕಿದರೆ ಅನೇಕ ಸಲ ಹೋಗುತ್ತದೆ. ಆದರೆ ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಒಳಗೆ ಎಲ್ಲಾದರೂ ವೈರ್ ಮೈಗೆ ತಾಗಿದರೆ ಪೆಟ್ಟಿಗೆ ಮುಟ್ಟಿದವರ ಜೀವಕ್ಕೇ ಅಪಾಯ. ತೇವದ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವ ಮನೆಗಳು ನಮ್ಮವು.

ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ 'ಝುಂಯ್' ಎಂದು ಬರುತ್ತಿದ್ದರೆ ಸೆಟ್ಟಿನ ತಪ್ಪಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟೇ ಹಾಗೆ. ಸೈನ್ ವೇವ್ ಇನ್ವರ್ಟರಿನಲ್ಲಿ ಅಷ್ಟು ಬರುವುದಿಲ್ಲ. 'ಟಿಕ್ ಟಿಕ್ ಟಿರ್ರ್' ಎಂದು ಬಂದು ಹೋಗುತ್ತಿದ್ದರೆ ಯಾರದ್ದೋ ಮೊಬೈಲ್ ಆಂಪ್ಲಿಫೈಯರಿನ ಮೇಲಿದೆ.

ಯಾವ ವೈರ್ ಉದ್ದ, ಯಾವುದು ಗಿಡ್ಡ

ಪ್ಲೇಯರನ್ನು ದೂರ ಸರಿಸಿ ಎಂದರೆ ಕೂಡಲೇ ಬರುವ ಪ್ರಶ್ನೆ ವೈರಿನದ್ದು. ಆಂಪ್ಲಿಫೈಯರನ್ನು ಸ್ಪೀಕರಿನ ಹತ್ತಿರವೇ ಬಿಟ್ಟು ಪ್ಲೇಯರಿನಿಂದ ಉದ್ದದ ಪಿನ್ ವೈರ್ ಎಳೆಯುವವರು ಇದ್ದಾರೆ. ಅದು ತಲೆಕೆಳಗು. ಪ್ಲೇಯರಿನ ವೈರಿನಲ್ಲಿ ಬರುವುದು ಮಿಲಿವೋಲ್ಟ್. ಉದ್ದವಾದಷ್ಟೂ ಗುಂಯ್ ಹಿಡಿಯುತ್ತದೆ, ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜಿನಲ್ಲಿ ಮೇಲಿನ ದನಿಯ ಬಣ್ಣವೂ ಬದಲಾಗುತ್ತದೆ. ಒಂದು, ಹೆಚ್ಚೆಂದರೆ ಒಂದೂವರೆ ಮೀಟರ್ ಸಾಕು. ಆಂಪ್ಲಿಫೈಯರ್ ಪ್ಲೇಯರಿನ ಕಡೆಗೇ ಬರಲಿ, ಆದರೆ ಬೇರೆ ತಟ್ಟಿನಲ್ಲಿ, ಒಂದೆರಡು ಅಡಿ ಆಚೆಗೆ. ಉದ್ದವಾಗಬೇಕಾದದ್ದು ಸ್ಪೀಕರ್ ವೈರ್. ಅದಕ್ಕೆ ಉದ್ದದಿಂದ ಅಷ್ಟು ತೊಂದರೆ ಇಲ್ಲ.

ಎಷ್ಟು ದಪ್ಪ ಬೇಕು? ಮನೆ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವೈರ್ ಮೀಟರಿಗೆ ಸುಮಾರು 0.012 ಓಮ್. 10 ಮೀಟರ್ ದೂರಕ್ಕೆ ಹೋಗಿ ಬರಲು 20 ಮೀಟರ್, ಅಂದರೆ 0.24 ಓಮ್. 8 ಓಮಿನ ಸ್ಪೀಕರಿಗೆ ಅದು ಶೇ. 3. ಏನೂ ಗೊತ್ತಾಗದು. 4 ಓಮಿನ ಸ್ಪೀಕರಾದರೆ 2.5 ಚದರ ಮಿ.ಮೀ. ತಗೊಳ್ಳಿ. ಸ್ಪೀಕರ್ ವೈರನ್ನು ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ತೂರಿಸಬೇಡಿ. ಎಡ ಬಲ ಎರಡಕ್ಕೂ ಸುಮಾರು ಅಷ್ಟೇ ಉದ್ದ ಇದ್ದರೆ ಚಂದ. ಒಂದೆರಡು ಮೀಟರ್ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ.

ಭಾಗವತರು ನಡುವಿನಲ್ಲಿ ಕೂರದಿದ್ದರೆ

ಕುಂಬಳೆ ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು. ಈ ಸುತ್ತಿನ ಮನೆಗಳಲ್ಲಿ ವೇಷವಿಲ್ಲದೆ ಕೂತು ಹಾಡಿ ಅರ್ಥ ಹೇಳುವ ತಾಳಮದ್ದಳೆಯ ಹಳೆಯ ಕ್ಯಾಸೆಟ್ ಇದ್ದೇ ಇರುತ್ತದೆ. ಒಂದೇ ಮೈಕಿನಲ್ಲಿ ಹಿಡಿದ ಅಂಥ ಮೋನೊ ಕ್ಯಾಸೆಟ್ ಈ ಪರೀಕ್ಷೆಗೆ ಬಹಳ ಒಳ್ಳೆಯದು. ಎರಡು ಸ್ಪೀಕರಿನಲ್ಲಿಯೂ ಒಂದೇ ದನಿ ಬರುವುದರಿಂದ, ನಡುವೆ ಕೂತು ಕಣ್ಣು ಮುಚ್ಚಿದರೆ ಹಾಡುವ ಭಾಗವತರು ಸರಿಯಾಗಿ ಎರಡು ಸ್ಪೀಕರಿನ ಮಧ್ಯದಲ್ಲಿ ಇರಬೇಕು. ದನಿ ಎಲ್ಲಿಂದಲೋ ಬಂದ ಹಾಗೆ, ತಲೆಯ ಎರಡು ಬದಿಗೆ ಹರಡಿದ ಹಾಗೆ ಕೇಳಿ, ಬಾಸ್ ಕೂಡ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು ಕಪ್ಪು ವೈರ್ ಅದಲು ಬದಲಾಗಿದೆ. ಸೆಟ್ ಸರಿಸುವಾಗ ಆಗುವ ತಪ್ಪು ಇದು. ಆಫ್ ಮಾಡಿ, ಒಂದು ಸ್ಪೀಕರಿನ ಎರಡು ವೈರನ್ನು ಮಾತ್ರ ತಿರುಗಿಸಿ ಹಾಕಿ.

ವೈರ್ ಸರಿಯಿದ್ದೂ ದನಿ ಒಂದು ಬದಿಗೆ ಎಳೆಯುತ್ತಿದ್ದರೆ ಸ್ಪೀಕರಿನ ಪಕ್ಕ ಏನಿದೆ ನೋಡಿ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ತೆರೆದ ಬಾಗಿಲು ಇದ್ದರೆ ಎರಡೂ ಒಂದೇ ರೀತಿ ಕೇಳವು. ನಡುವೆ ಕಪಾಟು, ದೊಡ್ಡ ಟಿವಿ, ಆಂಪ್ಲಿಫೈಯರ್ ರಾಶಿ ಇದ್ದರೆ ಅವುಗಳ ಮುಂಭಾಗ ಸ್ಪೀಕರಿನ ಮುಂಭಾಗಕ್ಕಿಂತ ಒಂದಡಿಯಾದರೂ ಹಿಂದೆ ಇರಲಿ. ಎರಡು ಸ್ಪೀಕರ್ ಮತ್ತು ಕೇಳುವವರು, ಮೂವರ ನಡುವೆ ದೂರ ಸಮನಾಗಿರಲಿ. ಮೇಲಿನ ದನಿ ನುಡಿಸುವ ಸಣ್ಣ ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಲಿ. ಇಷ್ಟು ಮಾಡಿ ಆಮೇಲೆ ನಿಮ್ಮ ಕೋಣೆಗೆ ಬೇಕಾದ ಹಾಗೆ ಸ್ವಲ್ಪ ಅತ್ತಿತ್ತ ಮಾಡಿಕೊಳ್ಳಿ.

ಬೆಚ್ಚಗೆ, ಒದ್ದೆ, ಸಿಡಿಲು

ಅರ್ಧ ಗಂಟೆ ನುಡಿದು ದನಿ ತಾನಾಗಿ ನಿಲ್ಲುವುದು, ತಣ್ಣಗಾದ ಮೇಲೆ ಮತ್ತೆ ಬರುವುದು ಕೂಡ ಜಾಗದ್ದೇ ದೋಷ ಇರಬಹುದು. ಧೂಳು ಬರುತ್ತದೆಂದು ಆಂಪ್ಲಿಫೈಯರನ್ನು ಗಾಜಿನ ಶೋಕೇಸಿನೊಳಗೆ ಇಟ್ಟಿರುತ್ತಾರೆ. ಬಿಸಿ ಹೊರಗೆ ಹೋಗಲು ಮೇಲೆ 10 ಸೆಂಟಿಮೀಟರ್ ಆದರೂ ಖಾಲಿ ಬೇಕು, ಹಿಂದಿನ ಹಲಗೆ ತೆರೆದಿರಬೇಕು. ಅದರ ತಲೆಯ ಮೇಲೆ ಸಿಡಿ ಪ್ಲೇಯರ್, ಅದರ ಮೇಲೆ ಕ್ಯಾಸೆಟ್ ಡೆಕ್ ಪೇರಿಸಿದರೆ ಕೆಳಗಿನದು ಬೇಯುತ್ತದೆ, ಮೇಲಿನದು ಹಾಳಾಗುತ್ತದೆ.

ಕ್ಯಾಸೆಟ್‌ಗಳನ್ನು ಸ್ಪೀಕರ್ ಬಾಕ್ಸಿನ ಮೇಲೆ ಪೇರಿಸುವ ಅಭ್ಯಾಸ ಬಿಡಿ. ಒಳಗೆ ದೊಡ್ಡ ಕಾಂತ ಇದೆ. ಟೇಪಿನಲ್ಲಿರುವುದೂ ಕಾಂತದ ಬರಹವೇ. ಒಂದೆರಡು ಅಡಿ ದೂರ ಇದ್ದರೆ ಭಯವಿಲ್ಲ. ಹಳೆಯ ತಾಳಮದ್ದಳೆಯ ಎಷ್ಟೋ ರಾತ್ರಿಗಳು ಆ ಒಂದೇ ಕ್ಯಾಸೆಟ್‌ನಲ್ಲಿ ಮಾತ್ರ ಉಳಿದಿವೆ. ಮತ್ತೊಂದು ಪ್ರತಿ ಎಲ್ಲಿಯೂ ಸಿಗುವುದಿಲ್ಲ.

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಸೆಟ್ಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಆಟಿಯಲ್ಲಿ (ಜುಲೈ-ಆಗಸ್ಟ್) ಆ ಗೋಡೆ ಬೆವರುತ್ತದೆ. ಮಳೆಗಾಲದಲ್ಲಿ ಸಿಡಿ ಹಾರುತ್ತಿದ್ದರೆ ಮೊದಲು ಪ್ಲೇಯರನ್ನು ಅರ್ಧ ಗಂಟೆ ಆನ್ ಮಾಡಿ ಬಿಟ್ಟು ಆಮೇಲೆ ಡಿಸ್ಕ್ ಹಾಕಿ. ಲೆನ್ಸಿನ ಮೇಲೆ ತೇವ ಕೂತಿದ್ದರೆ ಆರುತ್ತದೆ. ಆಮೇಲೂ ಜೋರು ವಾಲ್ಯೂಮಿನಲ್ಲಿ ಮಾತ್ರ ಹಾರುತ್ತಿದ್ದರೆ ಅದೂ ಸ್ಪೀಕರಿನ ಬೆಂಚಿನಲ್ಲಿಯೇ ಇದೆ ಎಂದು ಲೆಕ್ಕ. ಬೇಸಗೆಯ ಕೊನೆಯ ಗುಡುಗು ಮಳೆಗೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಮಳೆಗೂ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆಂಟೆನಾ ವೈರ್ ಇದ್ದರೆ ಅದನ್ನೂ ಕೀಳಿ. ಪ್ಲಗ್ಗಿಗೆ ಕೈ ಎಟುಕದ ಹಾಗೆ ಬೆಂಚು ಒತ್ತಿಟ್ಟಿದ್ದರೆ ಆ ಅವಸರದಲ್ಲಿ ಯಾರೂ ಕೀಳುವುದಿಲ್ಲ. ಸೆಟ್ ಎಲ್ಲಿಡಬೇಕೆಂದು ನೋಡುವಾಗ ಅದನ್ನೂ ನೋಡಿ.

ರಿಪೇರಿಗೆ ಒಯ್ಯಬೇಕಾದದ್ದು ಯಾವಾಗ

ಎಲ್ಲಿಗೆ ಸರಿಸಿದರೂ ಒಂದೇ ರೀತಿ ಇರುವ ದೋಷ ಜಾಗದ್ದಲ್ಲ. ಒಂದು ಬದಿಯಲ್ಲಿ ಮಾತ್ರ ಕರಕರ, ಎಡ ಬಲ ವೈರ್ ಅದಲು ಬದಲು ಮಾಡಿದರೆ ಕರಕರವೂ ಬದಿ ಬದಲಿಸುವುದು, ಗುಂಡಿ ತಿರುಗಿಸುವಾಗ ಕೆರೆದ ಸದ್ದು, ಹೆಡ್‌ಫೋನಿನಲ್ಲಿಯೂ ಒಡಕು ದನಿ, ಇವು ಒಳಗಿನ ಕೆಲಸ. ಸುಟ್ಟ ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ, ಪ್ಲಗ್ ಕಿತ್ತು ಬಿಡಿ.

ಅಂಗಡಿಗೆ ಒಯ್ಯುವಾಗ ಬರೀ 'ಹಾಳಾಗಿದೆ' ಎನ್ನಬೇಡಿ. ಮನೆಯಲ್ಲಿ ಸ್ಪೀಕರ್ ಎಲ್ಲಿತ್ತು, ಪ್ಲೇಯರ್ ಎಲ್ಲಿತ್ತು, ಗುಂಡಿಯ ಗೆರೆ ಎಷ್ಟರಲ್ಲಿ ಬಿತ್ತು, ಹೆಡ್‌ಫೋನಿನಲ್ಲಿ ಹೇಗೆ ಕೇಳಿತು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಅಪ್ಪನ ಆಂಪ್ಲಿಫೈಯರಿನ ಗುಂಡಿಯ ಸುತ್ತ ಆ ಬಿಳಿ ಪ್ಲಾಸ್ಟರ್ ಇನ್ನೂ ಹಾಗೇ ಇದೆ. 9, 12, 3, ಮೂರು ಗೆರೆಯೂ ಇವೆ.